ಹದಿನೈದನೆಯ ಉಡಿ

ಆ ಹೆಂಗಸರ ನಗು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಅವರನ್ನು ನಗಿಸಿದವಳು ನಾನೇ ಎಂಬುದನ್ನು ಮಾತ್ರ ಈವರೆಗೆ ಯಾರಿಗೂ ಹೇಳಿಲ್ಲ.

ಕಾಚಿಗೂಡದ ನಮ್ಮ ಓಣಿಯಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ. ಶ್ರಾವಣದ ಕಡೆಯ ಶುಕ್ರವಾರ ಮುತ್ತೈದೆಯರನ್ನು ಕರೆದು ಉಡಿ ತುಂಬುವುದು ಅವ್ವನಿಂದ ನನಗೆ ಬಂದ ಪದ್ಧತಿ. ಎಲ್ಲರ ಸೆರಗಿಗೂ ಸಮನಾಗಿ ಬೀಳಬೇಕು. ಉಡಿಗೆಂದು ತಂದದ್ದು ಒಂದೂ ಉಳಿದು ಅಡುಗೆಮನೆ ಸೇರಬಾರದು. ಆ ವರ್ಷ ನೂರಿಪ್ಪತ್ತು ಉತ್ತತ್ತಿ, ಎಪ್ಪತ್ತೆರಡು ಅಡಕಿ, ನೂರ ಅರವತ್ತೆಂಟು ಅರಿಷಿಣ ಬೇರು ಇದ್ದವು.

ತಂಗಿ ಗೋಡೆಗೆ ಒರಗಿಸಿದ್ದ ಹೊಸ ಕರಿ ಹಲಗೆಯ ಮೇಲೆ ಬರೆದು ತೋರಿಸಿದಳು. "ಮೂರಕ್ಕೂ ಸರಿಯಾಗಿ ಭಾಗ ಹೋಗೂದರಾಗ ಎಲ್ಲಕ್ಕಿಂತ ದೊಡ್ಡದು ಇಪ್ಪತ್ನಾಕು, ಅಕ್ಕಾ. ಅಷ್ಟು ಮಂದೀನ್ನ ಕರಿ. ಒಬ್ಬೊಬ್ಬರಿಗೆ ಉತ್ತತ್ತಿ ಐದು, ಅಡಕಿ ಮೂರು, ಬೇರು ಏಳು. ಒಂದೂ ಉಳಿಯೂದಿಲ್ಲ."

ಆ ಹಲಗೆ ಸೋಮವಾರದಿಂದ ಅವಳು ಪಡಸಾಲೆಯಲ್ಲಿ ಶುರು ಮಾಡಲಿದ್ದ ಪಾಠಕ್ಕೆ ತಂದದ್ದು. ಓಣಿಯ ತಾಯಂದಿರು ಮಕ್ಕಳನ್ನು ಕಳಿಸುವುದಾಗಿ ಒಪ್ಪಿದ್ದರು. ಅವಳನ್ನು ಎತ್ತಿ ಆಡಿಸಲೆಂದೇ ನನ್ನನ್ನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿದ್ದರು. ಬಿಡಿಸಿದವರು ಹಿರಿಯರು, ನಾನು ಸಿಟ್ಟು ಸಾಧಿಸಿದ್ದು ಕೂಸಾಗಿದ್ದವಳ ಮೇಲೆ. ಇವಳೇನು ನನಗೆ ಉಡಿ ತುಂಬುವುದು ಕಲಿಸುವುದು ಎಂದುಕೊಂಡೆ. ಇಪ್ಪತ್ನಾಲ್ಕು ಮಂದಿಯನ್ನು ಕರೆದೆ, ಆದರೆ ಅವ್ವನ ಹಾಗೆ ಎಲ್ಲವನ್ನೂ ಐದೈದೇ ಹಾಕುತ್ತ ಹೋದೆ.

ಹದಿನೈದನೆಯವಳು ಸೆರಗೊಡ್ಡಿದಾಗ ತಟ್ಟೆಯಲ್ಲಿ ಎರಡೇ ಅಡಕಿ. ಇಬ್ಬರು ಮಕ್ಕಳನ್ನು ಪಾಠಕ್ಕೆ ಕಳಿಸುವೆನೆಂದವಳು ಅವಳೇ.

"ನಮ್ಮ ಉಡಿಗೆ ಬಂದಾಗ ಅಡಕಿ ತೀರಿದ್ವೇನ್ರಿ?" ಎಂದಳು.

"ಲೆಕ್ಕಾ ಹಾಕಿದಾಕಿ ನಮ್ಮ ತಂಗಿರಿ. ಓದಿದಾಕಿ," ಎಂದೆ.

ಕೋಣೆ ತುಂಬ ನಕ್ಕರು. ಅಡಕಿ ಎಣಿಸಲು ಬಾರದವಳು ಹುಡುಗರಿಗೆ ಏನು ಕಲಿಸಿಯಾಳು ಎಂದು ಒಬ್ಬಳು ತೆಲುಗಿನಲ್ಲಿ ಪಕ್ಕದವಳಿಗೆ ಹೇಳಿದ್ದು ನಮಗೆಲ್ಲ ಕೇಳಿಸಿತು. ತಂಗಿ ನನ್ನ ಮುಖ ನೋಡಿದಳು. ನಾನು ಕುಂಕುಮದ ಬಟ್ಟಲು ನೋಡಿದೆ. ಅಷ್ಟು ವರ್ಷ ಓದಿದವಳ ಬಾಯಿಂದ ಒಂದು ಮಾತು ಕೇಳುವ ತಾಳ್ಮೆಯೂ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಉಳಿದ ಬೇರು ಎಣಿಸಿದೆ. ನಲವತ್ತೆಂಟು. ತಲೆಗೆ ಇನ್ನೆರಡು, ಅಂದರೆ ಅವಳು ಹೇಳಿದ ಏಳು. ಮರುದಿನ ಪದ್ಧತಿ ಕೆಡಬಾರದೆಂದು ಇಪ್ಪತ್ನಾಲ್ಕು ಬಾಗಿಲಿಗೂ ಹೋಗಿ ಎರಡೆರಡು ಕೊಟ್ಟು ಬಂದೆ. ಎಷ್ಟು ನೇಮದವರು ನೀವು ಎಂದು ನನ್ನನ್ನು ಹೊಗಳಿದರು. ಇಪ್ಪತ್ನಾಲ್ಕು ಸಲ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಸೋಮವಾರ ಒಂದು ಮಗುವೂ ಬರಲಿಲ್ಲ. ತಂಗಿ ಸಂಜೆಯ ತನಕ ಚಾಪೆ ಹಾಸಿಟ್ಟು ಕೂತಿದ್ದಳು. ಆಮೇಲೆ ಹಲಗೆ ಒರೆಸಿದಳು. ಉಡಿಗೆಂದು ಅವಳು ಬರೆದಿದ್ದ ಆ ಲೆಕ್ಕ ಅಲ್ಲಿಯವರೆಗೂ ಅದರ ಮೇಲೇ ಇತ್ತು. ಅದನ್ನು ಓದಬಲ್ಲಷ್ಟು ಅಂಕಿ ನನಗೂ ಬರುತ್ತಿತ್ತು.