ಗ್ಯಾಸಿಗೆ ಹೆಪ್ಪು ಹಾಕಿದ ಗೌಂಡಿ ಕಾಕಾ

ಗೌಂಡಿ ಕಾಕಾ ಅವರ ಹತ್ತು ಬೆರಳುಗಳಲ್ಲಿ ಒಂದರ ತುದಿಯಲ್ಲೂ ಗೆರೆ ಇರಲಿಲ್ಲ. ಮೂವತ್ತು ವರ್ಷ ಸುಣ್ಣ, ಸಿಮೆಂಟಿನಲ್ಲಿ ಆಡಿದ ಆ ಬೆರಳುಗಳು ಹೊಳೆಯ ಗುಂಡುಗಲ್ಲಿನ ಹಾಗೆ ನುಣುಪಾಗಿದ್ದವು. ಓದು ಬರಹ ಬಾರದ ಅವರು ಚಿಕ್ಕೋಡಿಯ ತಾಲೂಕು ಆಫೀಸಿನಲ್ಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಬರೀ ಒಂದು ಕಪ್ಪು ಮಚ್ಚೆ ಮೂಡುತ್ತಿತ್ತು. ಗುಮಾಸ್ತರು ಇನ್ನೊಮ್ಮೆ ಒತ್ತಿಸಿದರು, ಮತ್ತೊಮ್ಮೆ ಒತ್ತಿಸಿದರು. ಮೂರನೆಯ ಸಲ ಕಾಕಾ ಹೇಳಿದರಂತೆ: "ಸಾಹೇಬ್ರ, ಇಂಥಾ ಹೆಬ್ಬಟ್ಟ ಈ ತಾಲೂಕಿನ್ಯಾಗ ನಂದೊಂದ ಐತಿ. ಇದಕ್ಕಿಂತ ಬ್ಯಾರೆ ಗುರ್ತ ಯಾಕ ಬೇಕ್ರಿ?"

ಅವರು ನಮ್ಮ ಊರು ಭೋಜದಲ್ಲಿ ನಮ್ಮದೇ ಓಣಿಯ ಕೊನೆಯ ಮನೆಯವರು. ನಮಗೆ ಸಂಬಂಧಿಕರಲ್ಲ, ಆದರೆ ಊರಿಗೆಲ್ಲ ಕಾಕಾ. ಊರಿನ ಅರ್ಧ ಗೋಡೆಗಳು ಅವರು ಕಟ್ಟಿದವು. ಐವತ್ತು ದಾಟಿದ ಮೇಲೆ, ೧೯೮೫ರ ಕೊನೆಯಲ್ಲಿ, ಗೋಬರ್ ಗ್ಯಾಸು ಕಟ್ಟುವ ಹನ್ನೆರಡು ದಿನದ ತರಬೇತಿಗೆ ಹೋಗಿಬಂದರು. ಬಂದವರು ಬೇರೆಯೇ ಮನುಷ್ಯರಾಗಿದ್ದರು. ಒಲೆಯ ಹೊಗೆಗೆ ಲೋಕದ ತುಂಬ ಹೆಂಗಸರು ಕಣ್ಣು, ಎದೆ ಕಳೆದುಕೊಳ್ಳುತ್ತಿದ್ದಾರೆ, ಕಟ್ಟಿಗೆಗಾಗಿ ಕಾಡು ಕರಗುತ್ತಿದೆ ಎಂದು ಅಲ್ಲಿ ಚಿತ್ರ ತೋರಿಸಿ ಹೇಳಿದ್ದರು. ನಮ್ಮ ಕಟ್ಟೆಯ ಮೇಲೆ ಕುಳಿತು ಕಾಕಾ ಅದನ್ನೆಲ್ಲ ವಿವರಿಸಿ ಅಂದರು: "ಅಲ್ಲೀತನಕಾ ಹೊಗಿ ಅಂದ್ರ ನಮ್ಮ ಮನೀದಷ್ಟ ಅಂತ ತಿಳಕೊಂಡಿದ್ದೆ. ಎಲ್ಲಾ ದೇಶದಾಗೂ ಇದ ಹೊಗಿ ಅಂತ. ಎಲ್ಲಿಂದರೆ ಸುರು ಮಾಡಬೇಕಲಾ, ಭೋಜಿನಿಂದ ಮಾಡೂಣು."

ಊರವರು ನಕ್ಕರು. ಸೆಗಣಿಯಲ್ಲಿ ದೀಪ ಹಚ್ಚುವವನು ಎಂದು ಹೆಸರಿಟ್ಟರು. ನಮ್ಮ ಅಪ್ಪ ನಗಲಿಲ್ಲ, ಏಕೆಂದರೆ ಅವ್ವ ಕೆಮ್ಮುತ್ತಿದ್ದಳು. ನಿಪ್ಪಾಣಿಯ ಡಾಕ್ಟರು, ಮೊದಲು ಹೊಗೆ ಬಿಡಿಸಿರಿ, ಔಷಧ ಆಮೇಲೆ ನೋಡೋಣ ಎಂದಿದ್ದರು. ಎಂಟು ಜನರ ಮನೆಯಲ್ಲಿ ರೊಟ್ಟಿ ಬಡಿಯುವವಳಿಗೆ ಹೊಗೆ ಬಿಡಿಸುವುದು ಹೇಗೆಂದು ಅವರು ಹೇಳಿರಲಿಲ್ಲ.

ನನಗಾಗ ಹತ್ತೊಂಬತ್ತು ವರ್ಷ. ಎಸ್ಸೆಸ್ಸೆಲ್ಸಿ ಮುಗಿದಂದಿನಿಂದ ದಿನಚರಿ ಬರೆಯುತ್ತ ಬಂದಿದ್ದೆ. ಅದರಲ್ಲಿ ಮನಸ್ಸಿನ ಮಾತು ಕಡಿಮೆ, ಲೆಕ್ಕ ಹೆಚ್ಚು: ಎಷ್ಟು ಕೊಡ ನೀರು ತಂದೆವು, ಎಮ್ಮೆ ಎಷ್ಟು ಹಾಲು ಕೊಟ್ಟಿತು, ಬಸ್ಸು ಎಷ್ಟು ನಿಮಿಷ ತಡವಾಯಿತು. ಮನೆಯವರಿಗೆ ಅದೊಂದು ಹಾಸ್ಯ. ಕಾಕಾ ಮಾತ್ರ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಓದಲು ಬಾರದಿದ್ದರೂ ಹಾಳೆ ತಿರುವಿ, ಸಾಲುಗಳು ನೆಟ್ಟಗಿವೆ ಎಂದು ಮೆಚ್ಚಿದರು.

೧೯೮೬ರ ಜನವರಿಯಲ್ಲಿ ನಮ್ಮ ಹಿತ್ತಲಲ್ಲಿ ಕೆಲಸ ಸುರುವಾಯಿತು. ನೆಲದೊಳಗೆ ಬಾವಿಯಂಥ ಗುಂಡಿ, ಅದರ ಮೇಲೆ ಇಟ್ಟಿಗೆಯ ಗುಮ್ಮಟ. ಒಂದು ಕಡೆಯಿಂದ ಸೆಗಣಿ, ನೀರು ಕಲಸಿ ಬಿಡುವುದು. ಇನ್ನೊಂದು ಕಡೆಯಿಂದ ಬಗ್ಗಡ ಹೊರಬರುವುದು. ಒಳಗೆ ಹುಟ್ಟಿದ ಗ್ಯಾಸು ಗುಮ್ಮಟದ ನೆತ್ತಿಯ ಕೊಳವೆಯಿಂದ ಅಡುಗೆಮನೆಗೆ. ಗುಮ್ಮಟ ಕಟ್ಟಲು ಕೆಳಗೆ ಹಲಗೆಯ ಆಸರೆ ಇರಲಿಲ್ಲ. ನಡುವೆ ಒಂದು ಗೂಟ, ಗೂಟಕ್ಕೆ ಒಂದು ದಾರ. ದಾರದ ತುದಿ ಮುಟ್ಟಿದಲ್ಲಿ ಇಟ್ಟಿಗೆ ಕೂಡಬೇಕು. ಹಸಿ ಗಾರೆಯ ಮೇಲೆ ಓರೆಯಾಗಿ ಕೂತ ಇಟ್ಟಿಗೆಯನ್ನು ಕಾಕಾ ಅಂಗೈಯಿಂದ ಒತ್ತಿ ಹಿಡಿದಿರುತ್ತಿದ್ದರು. ಬಿದ್ದರೆ ಏನು ಗತಿ ಎಂದು ಆಯಿ, ಅಂದರೆ ನನ್ನ ಅಜ್ಜಿ, ಮೇಲಿಂದ ಕೂಗಿದಳು. "ಬಾಜೂದ ಇಟ್ಟಂಗಿ ಬರೋತನಕಾ ಹಿಡದಿರಬೇಕ್ರಿ, ಆಯಿ. ಅದು ಬಂತಂದ್ರ ನನ್ನ ಕೈ ಬೇಕಾಗೂದಿಲ್ಲ," ಅಂದರು ಕಾಕಾ, ತಲೆಯೆತ್ತದೆ. ಕೊನೆಯ ದಿನ ಗುಮ್ಮಟದ ಹಸಿ ಸಿಮೆಂಟಿನಲ್ಲಿ ತಮ್ಮ ಹೆಬ್ಬೆರಳು ಒತ್ತಿದರು. ಅದೇ ಅವರ ಸಹಿ.

ಆಫೀಸಿನವರು ಕೊಟ್ಟ ನಕ್ಷೆಯಲ್ಲಿ ಇಲ್ಲದ ಒಂದನ್ನೂ ಅವರು ಸೇರಿಸಿದರು. ದನದ ಕೊಟ್ಟಿಗೆಯಿಂದ ಗುಂಡಿಯವರೆಗೆ ಒಂದು ಗೇಣು ಅಗಲದ ನಾಲಿ. ದನಗಳ ಗಂಜಲ, ಕೊಟ್ಟಿಗೆ ತೊಳೆದ ನೀರು ಎಲ್ಲ ತಾನಾಗಿ ಹರಿದು ಗುಂಡಿ ಸೇರಲಿ, ಹೆಂಗಸರು ನೀರು ಹೊರುವುದು ತಪ್ಪಲಿ ಎಂದು. ನಕ್ಷೆ ಬರೆದವರು ನಮ್ಮ ಕೊಟ್ಟಿಗೆ ನೋಡಿಲ್ಲ ಎನ್ನುವುದು ಅವರ ವಾದ. ಆ ನಾಲಿಯ ಬಗ್ಗೆ ಅವರಿಗೆ ಗುಮ್ಮಟಕ್ಕಿಂತ ಹೆಚ್ಚು ಹೆಮ್ಮೆ ಇತ್ತು.

ಮಾರ್ಚ್ ೯, ಭಾನುವಾರ, ಬೆಳಿಗ್ಗೆ ಒಲೆ ಹೊತ್ತಿತು. ನೀಲಿ ಉರಿ. ಅವ್ವ ಹಾಲಿಟ್ಟು ಉಕ್ಕಿಸಿದಳು. ಅಂದೇ ನಾನು ಪುಸ್ತಕದಲ್ಲಿ ಮೂರು ಗೆರೆ ಎಳೆದೆ: ಬೆಳಿಗ್ಗೆ ಎಷ್ಟು ಹೊತ್ತು ಉರಿಯಿತು, ಸಂಜೆ ಎಷ್ಟು ಹೊತ್ತು, ಅಡುಗೆಯ ಹೊತ್ತಿಗೆ ಅವ್ವ ಎಷ್ಟು ಸಲ ಕೆಮ್ಮಿದಳು. ಏಪ್ರಿಲ್ ನಡುವಿನ ಹೊತ್ತಿಗೆ ಮೂರನೆಯ ಸಾಲಿನಲ್ಲಿ ಬರೀ ಸೊನ್ನೆಗಳು.

ನೋಡಿದವರು ತಮಗೂ ಬೇಕೆಂದರು. ಮೇ ಮುಗಿಯುವಷ್ಟರಲ್ಲಿ ಊರಲ್ಲಿ ಏಳು ಗ್ಯಾಸುಗಳು. ಆರು ರೈತರ ಮನೆಗಳಲ್ಲಿ, ಎಲ್ಲದಕ್ಕೂ ನಾಲಿ. ಏಳನೆಯದು ಬೌದ್ಧ ಧರ್ಮ ಸೇರಿದ ದಲಿತರ ಓಣಿಯಲ್ಲಿ, ಶಾಲೆಯಲ್ಲಿ ಗಂಟೆ ಬಾರಿಸುವ ಸಿಪಾಯಿಯ ಮನೆಯಲ್ಲಿ. ಅವರಿಗೆ ಎತ್ತುಗಳಿರಲಿಲ್ಲ, ಮೂರು ಎಮ್ಮೆ, ಅವೂ ಬಯಲಲ್ಲೇ ಕಟ್ಟುವಂಥವು. ಕೊಟ್ಟಿಗೆಯೇ ಇಲ್ಲದ ಮೇಲೆ ನಾಲಿ ಎಲ್ಲಿಂದ? ಅಲ್ಲಿ ಯಾಕೆ ಇಟ್ಟಿಗೆ ದಂಡ ಮಾಡುತ್ತೀ ಎಂದು ಕೆಲವರು ಕೇಳಿದ್ದರು. ಅವರ ಒಲೆಯ ಹೊಗೆ ಅತ್ತರಿನ ವಾಸನೆ ಬರುತ್ತದೇನು ಎಂದು ಕಾಕಾ ಮರುಪ್ರಶ್ನೆ ಹಾಕಿದ್ದರು.

ಜೂನ್ ಕೊನೆಯಲ್ಲಿ ನಮ್ಮ ಉರಿ ಸಣ್ಣಗಾಯಿತು. ಜೂನ್ ೨೪ಕ್ಕೆ ಬೆಳಿಗ್ಗೆ ನಲವತ್ತು ನಿಮಿಷ, ೨೭ಕ್ಕೆ ಹದಿನೈದು, ಜುಲೈ ೧ಕ್ಕೆ ಏನೂ ಇಲ್ಲ. ಅವ್ವ ಹಳೆಯ ಒಲೆಯ ಬೂದಿ ತೆಗೆದು ಕಟ್ಟಿಗೆ ಒಟ್ಟಿದಳು. ಹಸಿ ಜಾಲಿ ಕಟ್ಟಿಗೆ, ಮಳೆಗಾಲ. ಮೂರನೆಯ ಸಾಲಿನಲ್ಲಿ ಆರು, ಒಂಬತ್ತು, ಹದಿನಾಲ್ಕು ಎಂದು ಬರೆದೆ. ಬೇರೆ ಐದು ರೈತರ ಮನೆಗಳಲ್ಲೂ ಇದೇ ಕತೆ. ಗೌಂಡಿಯ ಗುಮ್ಮಟ ಒಡೆದಿದೆ ಎಂದರು ಕೆಲವರು. ಸೆಗಣಿಯನ್ನು ಗುಂಡಿಯಲ್ಲಿ ಮುಚ್ಚಿಟ್ಟದ್ದಕ್ಕೆ ಲಕ್ಷ್ಮಿ ಮುನಿದಿದ್ದಾಳೆ ಎಂದಳು ಆಯಿ. ನಾಗರ ಪಂಚಮಿಯೊಳಗೆ ಉರಿ ಬಾರದಿದ್ದರೆ ಗುಮ್ಮಟ ಒಡೆದು ತಿಪ್ಪೆಗುಂಡಿ ಮಾಡುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ನಮ್ಮದು ಒಡೆದರೆ ಉಳಿದ ಐದೂ ಒಡೆಯುವವೇ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಊದುಗೊಳವೆ ಹಿಡಿದಳು.

ಕಾಕಾ ದಿನಾ ಬಂದು ಕೊಳವೆಯ ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ ನೋಡುತ್ತಿದ್ದರು. ಎಲ್ಲೂ ಗುಳ್ಳೆ ಏಳಲಿಲ್ಲ. ಜುಲೈ ೪ರ ಶುಕ್ರವಾರ ಅವರು ಕಟ್ಟೆಯ ಮೇಲೆ ಕುಳಿತು, "ತಂಗಿ, ನಿನ್ನ ಬುಕ್ಕ ತಾ. ಕಾರಹುಣ್ಣಿವೀ ಮುಂದ ಹಿಂದ ಏನೇನ ಬರದೀ, ಒಂದೂ ಬಿಡದಂಗ ಓದು," ಅಂದರು.

ಓದಿದೆ. ದಿನಕ್ಕೊಂದು ಹರಳು ಸಾಲಾಗಿ ಇಡುತ್ತ ಹೋದರು. ಉರಿ ಕಡಿಮೆಯಾದ ದಿನಕ್ಕೆ ಕರಿ ಹರಳು. ಜೂನ್ ೨೧, ಶನಿವಾರ, ಕಾರಹುಣ್ಣಿಮೆಯ ಹಿಂದಿನ ದಿನ. ನಾನು ಬರೆದದ್ದು ಹೀಗಿತ್ತು: "ಅಣ್ಣ ನಾಲ್ಕು ಎತ್ತುಗಳ ಮೈ ತೊಳೆದ. ತಂಬಾಕಿನ ಕಡ್ಡಿ ಕುದಿಸಿದ ನೀರು ಎರಡು ಹಂಡೆ. ಉಣ್ಣಿ, ಹೇನು ಎಲ್ಲ ಸತ್ತವು."

ಕಾಕಾ ಅವರ ಕೈ ನಿಂತಿತು. ನಮ್ಮ ಕಡೆ ತಂಬಾಕು ಬೆಳೆಯುವ ಮನೆಗಳಲ್ಲೆಲ್ಲ ಹಬ್ಬಕ್ಕೆ ಎತ್ತುಗಳನ್ನು ತೊಳೆಯುವುದು ಹಾಗೆಯೇ. ಹಿರಿಯರಿಂದ ಬಂದದ್ದು, ಯಾರೂ ಅದನ್ನು ವಿಚಾರ ಮಾಡಿದವರಲ್ಲ.

ಉಳಿದ ಗ್ಯಾಸುಗಳನ್ನು ನೋಡಿದ್ದೀಯಾ ಎಂದು ಕೇಳಿದರು. ಆರು ಸತ್ತಿವೆ, ಬೌದ್ಧರ ಓಣಿಯದು ಮಾತ್ರ ಬೆಳಿಗ್ಗೆ ಒಂದು ತಾಸು ಐದು ನಿಮಿಷ ಉರಿಯುತ್ತಿದೆಯೆಂದು ಶಾಲೆಯ ಸಿಪಾಯಿ ಹೇಳಿದ್ದನ್ನು ಜುಲೈ ೨ರಂದು ಬರೆದುಕೊಂಡಿದ್ದೆ. ಕಾಕಾ ಎದ್ದು ಕೊಟ್ಟಿಗೆಗೆ ಹೋದರು. ತಾವೇ ಕಟ್ಟಿದ ನಾಲಿಯನ್ನು ನೋಡುತ್ತ ನಿಂತರು. ತಿರುಗಿ ಬಂದಾಗ ಅಪ್ಪ, ಅಣ್ಣ, ಆಯಿ ಎಲ್ಲರೂ ಅಲ್ಲಿದ್ದರು.

"ಗುಮ್ಮಟ ಒಡದಿಲ್ಲ, ಲಕ್ಷ್ಮೀನೂ ಸಿಟ್ಟಾಗಿಲ್ಲ," ಅಂದರು. "ಗ್ಯಾಸ್ ಮಾಡೂವು ಒಳಗ ಸಣ್ಣ ಜೀವ ಇರತಾವು, ಕಣ್ಣಿಗಿ ಕಾಣೂದಿಲ್ಲ. ಹೇನ ಕೊಲ್ಲೂ ನೀರು ಅವನ್ನ ಬಿಡತೈತೇನು? ನನ್ನ ನಾಲಿ ಆ ನೀರ ಒಯ್ದ ಒಳಗ ಸುರೀತು. ತಪ್ಪ ನಂದು."

ತಾನು ತಪ್ಪಿದೆನೆಂದು ಒಬ್ಬ ಗೌಂಡಿ ನಾಲ್ಕು ಜನರ ಮುಂದೆ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಅವರು ಕುಗ್ಗಿರಲಿಲ್ಲ. ರೋಗ ಗೊತ್ತಾದ ವೈದ್ಯರ ಹಾಗೆ ಗೆಲುವಾಗಿದ್ದರು. ಅರ್ಧ ಬಗ್ಗಡ ತೆಗೆದು, ಹೊಸ ಸೆಗಣಿ ತುಂಬಿ, ಜೀವಂತ ಇರುವ ಗ್ಯಾಸಿನಿಂದ ಇಪ್ಪತ್ತು ಕೊಡ ಬಗ್ಗಡ ತಂದು ಹಾಕಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಎಂದರು.

ಜೀವಂತ ಇದ್ದದ್ದು ಒಂದೇ. ಆ ಓಣಿಯಿಂದ ಹೆಪ್ಪು ತಂದು ತನ್ನ ಮನೆಯ ಉರಿ ಹೊತ್ತಿಸುವುದಕ್ಕೆ ಆಯಿ ಒಪ್ಪಲಿಲ್ಲ. ಬೇರೆ ಊರಿನಿಂದ ತಾ ಎಂದಳು. ಸುತ್ತ ಹತ್ತು ಊರಲ್ಲಿ ಇನ್ನೂ ಗ್ಯಾಸೇ ಇಲ್ಲ ಎಂದರು ಕಾಕಾ. ಹಾಗಾದರೆ ಉರಿಯೇ ಬೇಡ ಎಂದಳು. ಕಾಕಾ ನನ್ನ ಕಡೆ ತಿರುಗಿ, "ಮೂರನೇ ಸಾಲ ಓದವಾ, ಆಯಿ ಕೇಳಲಿ," ಅಂದರು.

ಜೂನಿನ ಮೊದಲ ದಿನದಿಂದ ಓದಿದೆ. ಸೊನ್ನೆ, ಸೊನ್ನೆ, ಸೊನ್ನೆ. ಇಪ್ಪತ್ತೆರಡು ಸಲ ಸೊನ್ನೆ ಅನ್ನುವಷ್ಟರಲ್ಲಿ ಆಯಿಗೆ ಅದು ಏನೆಂದು ತಿಳಿದಿತ್ತು. ಆಮೇಲೆ ಒಂದು, ಮೂರು, ಆರು. ಒಂಬತ್ತು, ಹದಿನಾಲ್ಕು, ಹದಿನೇಳು. ಒಳಗೆ ಅಡುಗೆಮನೆಯಿಂದ ಅವ್ವ ಕೆಮ್ಮುತ್ತ ಅಂದಿನ ಲೆಕ್ಕವನ್ನು ತಾನೇ ಕೂಡಿಸುತ್ತಿದ್ದಳು. ಆಯಿ ಅಡುಗೆಮನೆಯ ಬಾಗಿಲ ಕಡೆ ತಿರುಗಿದಳು.

"ಸುರೀರಿ," ಅಂದಳು ಕೊನೆಗೆ. "ಖರೆ ನಾ ನೋಡಂಗಿಲ್ಲ."

ಭಾನುವಾರ ಕಾಕಾ ಜೊತೆ ಅಣ್ಣ, ನಾನು ಹೋದೆವು. ನಮ್ಮ ಮನೆಯಿಂದ ಆ ಮನೆಗೆ ಮುನ್ನೂರ ಹನ್ನೆರಡು ಹೆಜ್ಜೆ. ಹತ್ತೊಂಬತ್ತು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಸಿಪಾಯಿಯ ಹೆಂಡತಿಯನ್ನು ಕಾಕಾ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆದರು, ಆದ್ದರಿಂದ ನನಗೂ ಮಾವಶಿಯಾದರು. ವಿಷಯ ಕೇಳಿ ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನು ನೋಡಿದರು. "ಮೊಸರಿನ ಹೆಪ್ಪ ಕೇಳಾಕ ಒಂದ ದಿನಾ ನಿಮ್ಮ ಓಣ್ಯಾವ್ರು ಇತ್ಲಾಗ ಬಂದಿಲ್ಲ. ಸೆಗಣಿ ಹೆಪ್ಪಿಗಿ ಬಂದೀರಿ," ಅಂದರು. ನಾನು ಖಾಲಿ ಕೊಡ ಕೆಳಗಿಟ್ಟೆ. ಆಮೇಲೆ ಅವರೇ ಮೊದಲ ಕೊಡ ತುಂಬಿ ಕೊಟ್ಟರು.

ಇಪ್ಪತ್ತು ಕೊಡ ಸುರಿದಾಗ ಆಯಿ ತುಳಸಿಕಟ್ಟೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಆದರೆ ಹತ್ತೊಂಬತ್ತಾದ ಮೇಲೆ ಅಣ್ಣ ನಿಲ್ಲಿಸಿದಾಗ, ಇನ್ನೊಂದು ಉಳಿಯಿತು ಎಂದವಳು ಅವಳೇ. ಕಾಕಾ ಆ ನಾಲಿಯ ಬಾಯಿಗೆ ಕಲ್ಲಿನ ಬಿರಡೆ ಕೂಡಿಸಿ, ತೊಳೆಯುವ ದಿನ ನೀರು ತಿಪ್ಪೆಯ ಕಡೆ ಹೋಗುವ ಹಾಗೆ ಮಾಡಿದರು. ಜುಲೈ ೧೯, ಶನಿವಾರ, ಬೆಳಿಗ್ಗೆ ಏಳೂಕಾಲಿಗೆ ನೀಲಿ ಉರಿ ಬಂತು. ಆ ಪುಟ ಬರೆದು ಕಾಕಾಗೆ ತೋರಿಸಿದೆ. ಒಲೆಯ ಮಸಿಗೆ ಹೆಬ್ಬೆರಳು ತಾಗಿಸಿ ದಿನಾಂಕದ ಪಕ್ಕ ಒತ್ತಿದರು. ಗೆರೆಯಿಲ್ಲದ ಕಪ್ಪು ಮಚ್ಚೆ. ಹಳೆಯ ಒಲೆಯ ಮಸಿಗೆ ನಮ್ಮ ಮನೆಯಲ್ಲಿ ಅದೇ ಕೊನೆಯ ಉಪಯೋಗ.

ಪಂಚಮಿಯ ಉಂಡಿಗಳನ್ನು ಅವ್ವ ಗ್ಯಾಸಿನ ಮೇಲೆಯೇ ಮಾಡಿದಳು. ಆಗಸ್ಟ್ ಮುಗಿಯುವ ಮೊದಲು ಉಳಿದ ಐದೂ ಹೊತ್ತಿದವು, ಅದೇ ಹೆಪ್ಪಿನಿಂದ.

ಆಮೇಲೆ ಹನ್ನೆರಡು ವರ್ಷ ಕಾಕಾ ಎಲ್ಲಿ ಗ್ಯಾಸು ಕಟ್ಟಿದರೂ ಬಂದು ನನ್ನ ಪುಸ್ತಕದಲ್ಲಿ ಬರೆಸಿದರು. ಭೋಜದಲ್ಲೇ ಇನ್ನೂ ಹಲವು, ಆಮೇಲೆ ಯಡೂರು, ರಾಯಬಾಗದ ಕಡೆಯ ಹಳ್ಳಿಗಳು, ಅಥಣಿಯಾಚೆ ತೆಲಸಂಗದವರೆಗೆ. ಎಲ್ಲ ನಾಲಿಗೂ ಬಿರಡೆ, ಎಲ್ಲ ಸಾಲಿಗೂ ಹೆಬ್ಬೆಟ್ಟು. ತಂಬಾಕಿನ ಕತೆಯನ್ನು, ತಪ್ಪು ತಮ್ಮದೇ ಎಂಬುದನ್ನು ಸೇರಿಸಿ, ಪ್ರತಿ ಊರಲ್ಲೂ ಮೊದಲು ಹೇಳುತ್ತಿದ್ದರು. ತೊಂಬತ್ತೆರಡರಲ್ಲಿ, ಭೂಮಿಯನ್ನು ಉಳಿಸಲು ಎಲ್ಲ ದೇಶಗಳ ದೊಡ್ಡವರು ಸಭೆ ಸೇರಿದ ಸುದ್ದಿ ಓದಿ ಹೇಳಿದೆ. ಬಹಳ ಸಂತೋಷಪಟ್ಟರು. ಸ್ವಲ್ಪ ಹೊತ್ತಿನ ಮೇಲೆ, "ಆ ಸಭಾದಾಗ ಒಲಿ ಊದಾಕಿ ಒಬ್ಬಾಕಿನ್ನರೆ ಕರದಿದ್ರೇನ?" ಎಂದು ಕೇಳಿದರು. ಪತ್ರಿಕೆಯಲ್ಲಿ ಅದು ಇರಲಿಲ್ಲ.

ಅದೇ ವರ್ಷ ದೀಪಾವಳಿಯ ಮುಂದೆ ನಮ್ಮ ಮನೆಯಲ್ಲಿ ಮೊಸರು ಕೆಟ್ಟಿತು. ಆಯಿ ನನ್ನನ್ನು ಕರೆದು, ಯಾರ ಮುಖವನ್ನೂ ನೋಡದೆ, ಮಾವಶಿಯ ಮನೆಯಿಂದ ಒಂದು ಚಮಚ ಹೆಪ್ಪು ತಾ ಎಂದಳು. ಇದನ್ನು ಕೇಳಿ ಕಾಕಾ ನಗಲಿಲ್ಲ. ಪುಸ್ತಕ ತರಿಸಿದರು. "ಇದನ್ನೂ ಬರಿ, ತಂಗಿ. ಇದಕ್ಕೂ ಹೆಬ್ಬಟ್ಟ ಒತ್ತತೇನಿ," ಅಂದರು.

ಈಗ ನಾನು ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುತ್ತೇನೆ. ಉಪಯೋಗವೇನು ಎಂದು ಕೇಳುವ ಮಕ್ಕಳಿಗೆ ಹರಳಿಟ್ಟು ಜೂನ್ ಇಪ್ಪತ್ತೊಂದರ ಕತೆ ಹೇಳುತ್ತೇನೆ. ನನ್ನ ಎಣಿಕೆಯಿಂದ ಒಂದು ಉರಿ ಹೊತ್ತಬಹುದೆಂದು ನಂಬಿದವರು ಅಂಕಿ ಓದಲು ಬಾರದ ಅವರೊಬ್ಬರೇ.

ಕಳೆದ ಫೆಬ್ರುವರಿಯ ಒಂದು ಮಂಗಳವಾರ ಕಾಕಾ ತೀರಿಕೊಂಡರು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಓಣಿಯವರು ರೊಟ್ಟಿ ಒಯ್ಯಬೇಕು. ನಾನು ಅವರ ಬಾಗಿಲ ಬಳಿ ಬುಟ್ಟಿಗಳನ್ನು ಇಳಿಸಿಕೊಳ್ಳುತ್ತಿದ್ದೆ. ಮೊದಲು ಬಂದವರು ಮಾವಶಿ, ಅವರ ಹಿಂದೆಯೇ ನಮ್ಮ ಅವ್ವ. ಓಣಿಯುದ್ದ ವೇಗವಾಗಿ ನಡೆದು ಬಂದಿದ್ದಳು. ಬಿಸಿ ಬುಟ್ಟಿ ಕೊಟ್ಟು, ಏದುಸಿರಿಲ್ಲದೆ ನಿಂತು, ಕಾಕಾನ ಗಾರೆ ಹಚ್ಚುವ ಕರಣಿ ಎಲ್ಲಿದೆ, ಅವರ ಜೊತೆಗಿಡಬೇಕಲ್ಲ ಎಂದು ಕೇಳಿದಳು.

ಅಂದಿನ ಪುಟದಲ್ಲಿ ಬರೆದದ್ದು ಇಷ್ಟೆ: "ರೊಟ್ಟಿ ಬಂದ ಮನೆಗಳು ಹದಿನಾಲ್ಕು. ಹದಿನಾಲ್ಕೂ ಕಾಕಾ ಕಟ್ಟಿದ ಉರಿಯ ಮೇಲೆ ಬೆಂದವು. ಅವ್ವನ ಕೆಮ್ಮು: ಸೊನ್ನೆ." ದಿನಾಂಕದ ಪಕ್ಕದ ಹೆಬ್ಬೆಟ್ಟಿನ ಜಾಗವನ್ನು ಹಾಗೇ ಬಿಟ್ಟಿದ್ದೇನೆ.