ಅಧ್ಯಕ್ಷರ ಹೆಂಡತಿ

ಎರಡೂವರೆ ವರ್ಷ ನಾನು ನಮ್ಮ ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯಾಗಿದ್ದೆ. ಊರವರು ಮಾತ್ರ ನನ್ನ ಗಂಡನನ್ನು 'ಅಧ್ಯಕ್ಷರೇ' ಅಂತಲೂ ನನ್ನನ್ನು 'ಅಧ್ಯಕ್ಷರ ಹೆಂಡತಿ' ಅಂತಲೂ ಕರೆಯುತ್ತಿದ್ದರು. ಸೀಟು ಮಹಿಳೆಗೆ ಮೀಸಲಾಗಿತ್ತು, ಇವರಿಗೆ ಕುರ್ಚಿ ಬೇಕಿತ್ತು, ಮನೆಯಲ್ಲಿ ಮಹಿಳೆ ಅಂತ ಇದ್ದದ್ದು ನಾನೊಬ್ಬಳೇ. ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲೆ, ಸುಳ್ಳು ಯಾಕೆ ಹೇಳಲಿ, ಅದು ಆರಾಮವೂ ಆಯಿತು. ಯಾರು ಏನು ಕೇಳಿದರೂ 'ಅವರನ್ನೇ ಕೇಳಿ' ಅಂದರೆ ನನ್ನ ಕೆಲಸ ಮುಗಿಯಿತು.

ಅಧಿಕಾರ ಹೋಗಿ ವರ್ಷವಾದ ಮೇಲೆ ಒಂದು ದಿನ ಕಳಸದಲ್ಲಿ ದವಡೆ ಹಲ್ಲು ಕೀಳಿಸಿಕೊಂಡು ಬಣಕಲ್ ಕಡೆಯ ಬಸ್ಸು ಹತ್ತಿದೆ. ಬಾಯಲ್ಲಿ ಹತ್ತಿ, ಅರ್ಧ ಮುಖ ಜೋಮು. ಒಂದು ಗಂಟೆ ಬಾಯಿ ಬಿಡಬೇಡಿ ಅಂದಿದ್ದರು ಡಾಕ್ಟರು. ತಲೆಗೂ ಗಲ್ಲಕ್ಕೂ ಸೇರಿಸಿ ಶಾಲು ಸುತ್ತಿಕೊಂಡು ಕಿಟಕಿ ಪಕ್ಕ ಕೂತೆ. ಕಾಲ ಹತ್ತಿರ ಯಾರದೋ ಮೆಣಸಿನ ಚೀಲ, ಅಲ್ಲಾಡುವ ಹಾಗಿಲ್ಲ. ಮುಂದಿನ ಸೀಟಿನಲ್ಲಿ ನಮ್ಮ ಕಡೆಯವರೇ ಇಬ್ಬರು ಕೂತಿದ್ದರು. ಒಬ್ಬರು ದಿನಸಿ ಅಂಗಡಿಯವರು, ಇನ್ನೊಬ್ಬರು ಪಕ್ಕದ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರು. ಅವರು ನನ್ನನ್ನು ಗುರುತಿಸಲಿಲ್ಲ. ಬಸ್ಸು ಪೇಟೆ ದಾಟುವಷ್ಟರಲ್ಲಿ ಅವರ ಬಾಯಿಗೆ ನಾನೇ ಸಿಕ್ಕಿದ್ದೆ.

"ಏನೇ ಹೇಳು ಮಾರಾಯ, ಆ ಹೆಂಗಸಿನ ಕಾಲದಲ್ಲಿ ಮೇಲಿನ ಕೇರಿಗೆ ನಲ್ಲಿ ನೀರು ಬಂತು," ಅಂದರು ಅಂಗಡಿಯವರು. "ಈಗಿನವರು ಒಂದು ಬಲ್ಬು ಹಾಕಿಸಿದ್ದಾರಾ?"

"ನೀರು ಬಂತು, ಸರಿ. ಮನೆ ಎಲ್ಲಿಗೆ ಹೋಯ್ತು? ಬಡವರ ಮನೆ ಪಟ್ಟಿಯಲ್ಲಿ ಗಂಡನ ಅತ್ತೆಮಗನ ಹೆಸರು! ತಾರಸಿ ಮನೆ ಇದ್ದವನಿಗೆ ಇನ್ನೊಂದು ಮನೆ!"

"ಅದೆಲ್ಲ ಗಂಡನ ಕಾರುಬಾರು. ಅವರಿಗೇನು ಗೊತ್ತು ಪಾಪ, ತೋರಿಸಿದಲ್ಲಿ ಸೈನು."

ಪಾಪವಂತೆ! ನೀರಿಗಾಗಿ ಓಡಾಡಿದ್ದು ನಮ್ಮನೆಯವರು, ನಾನಲ್ಲ. ಆ ಹೊಗಳಿಕೆಯಲ್ಲಿ ನನಗೆ ಪಾಲಿಲ್ಲ. ಆದರೆ ಮನೆ ಪಟ್ಟಿಗೆ ನಾನು ಓದಿಯೇ ಸೈನು ಹಾಕಿದ್ದೆ. ಆವತ್ತು ಇವರು ಅಡುಗೆಮನೆಗೇ ಕಾಗದ ತಂದಿದ್ದರು. ಒಂದು ಹೆಸರಿನ ಮೇಲೆ ಗೀಟು ಎಳೆದು ಪಕ್ಕದಲ್ಲಿ ಅತ್ತೆಮಗನ ಹೆಸರು ಬರೆದಿತ್ತು. ಗೀಟಿನ ಕೆಳಗಿದ್ದವಳು ಆ ರೈಟರ ಎಸ್ಟೇಟಿನ ಕೂಲಿ ಲೈನಿನಲ್ಲಿ, ಅಂದರೆ ಎಸ್ಟೇಟಿನವರು ಆಳುಗಳಿಗೆ ಕೊಡುವ ಸಾಲುಮನೆಯಲ್ಲಿ, ಇರುವ ಹೆಂಗಸು, ನನ್ನ ಎರಡೂ ಬಾಣಂತನದಲ್ಲಿ ನನಗೆ ನೀರೆರೆದವಳು. "ಇದ್ಯಾಕೆ?" ಅಂದೆ. "ಅವಳಿಗೆ ಲೈನುಮನೆ ಇದೆಯಲ್ಲ, ಹಾಕೇ ಸುಮ್ನೆ," ಅಂದರು. ಹಾಕಿದೆ. ನಾಲ್ಕು ದಿನ ಬಿಟ್ಟು ಅವಳು ಬಂದು ಕೇಳಿದಾಗ ಕೈ ಹಿಡಿದುಕೊಂಡು, "ಮೇಲಿನ ಆಫೀಸಿನವರು ತೆಗೆದುಬಿಟ್ರು ಕಣೆ," ಅಂದೆ. ಆ ಸುಳ್ಳನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗ್ರಹಚಾರ ನೋಡಿ, ಮುಂದಿನ ಸ್ಟಾಪಿನಲ್ಲಿ ರೇಷನ್ ಅಕ್ಕಿ ಹೊತ್ತುಕೊಂಡು ಅವಳೇ ಬಸ್ಸು ಹತ್ತಿದಳು. ನನ್ನ ಪಕ್ಕವೇ ಬಂದು ಕೂತಳು. ಶಾಲಿನೊಳಗಿನ ಕಣ್ಣು ನೋಡಿಯೇ ಗುರುತು ಹಿಡಿದು, "ಹಲ್ಲಾ ಅಮ್ಮಾ?" ಅಂದಳು. ತಲೆಯಾಡಿಸಿದೆ. ಆಮೇಲೆ ದನಿ ತಗ್ಗಿಸಿ, "ಬರೋ ಯುಗಾದಿಗೆ ಲೈನು ಬಿಡ್ಬೇಕಂತೆ. ಕೆಲಸ ಕೈಲಾಗದವರಿಗೆ ಲೈನುಮನೆ ಇಲ್ವಂತೆ. ಎಲ್ಲಿಗೆ ಹೋಗೋದೋ ಗೊತ್ತಿಲ್ಲ," ಅಂತ ರೈಟರ ಬೆನ್ನಿನ ಕಡೆ ಕಣ್ಣು ತೋರಿಸಿದಳು.

ಅಷ್ಟರಲ್ಲಿ ರೈಟರು, "ಗಂಡ ಕಳ್ಳ ಆದ್ರೆ ಹೆಂಡ್ತಿ ಸಾಚಾನಾ? ಆ ಅಧ್ಯಕ್ಷೆಯೂ ಕಳ್ಳಿಯೇ," ಅಂದರು.

ಇವಳು ಸೆಟೆದು ಕೂತಳು. "ರೈಟ್ರೇ, ನಾಲಿಗೆ ಬಿಗಿ ಹಿಡಿದು ಮಾತಾಡಿ! ಹೆಸರು ಹೋದದ್ದು ನಂದು. ನನಗಿಲ್ಲದ ಸಿಟ್ಟು ನಿಮಗ್ಯಾಕೆ? ಮೇಲಿನವರು ತೆಗೆದದ್ದು ಅಂತ ಅಮ್ಮ ನನ್ನ ಕೈ ಹಿಡಿದು ಹೇಳಿದ್ದಾರೆ. ಇಲ್ಲೇ ಇದ್ದಾರೆ, ಬೇಕಾದ್ರೆ ಕೇಳಿ!"

ಇಬ್ಬರೂ ತಿರುಗಿದರು. ಅಂಗಡಿಯವರ ಮುಖ ಬಿಳಿಚಿಕೊಂಡಿತು. ಕಂಡಕ್ಟರೂ ಟಿಕೆಟು ಕೊಡುವುದು ಬಿಟ್ಟು ನೋಡಿದ. ಒಂದು ಕಡೆ ಕಿಟಕಿ, ಒಂದು ಕಡೆ ಅವಳು, ಕಾಲಿಗೆ ಚೀಲ. ಎಲ್ಲಿಗೆ ಹೋಗಲಿ?

"ಹೇಳಿ ಅಮ್ಮಾ," ಅಂದಳು.

ಹತ್ತಿ ತೆಗೆದು ಕರ್ಚೀಫಿನಲ್ಲಿ ಸುತ್ತಿದೆ. "ಮೇಲಿನವರಲ್ಲ. ನಾನೇ," ಅಂದೆ. "ನಿನ್ನ ಹೆಸರು ತೆಗೆದ ಪಟ್ಟಿಗೆ ಓದಿಯೇ ಸೈನು ಹಾಕಿದೆ. ನಿನ್ನ ಹತ್ತಿರ ಸುಳ್ಳು ಹೇಳಿದೆ."

ಅವಳು ನನ್ನ ಮುಖವನ್ನೇ ನೋಡಿದಳು. ಬಯ್ಯಲಿ, ಎದ್ದು ಬೇರೆ ಸೀಟಿಗೆ ಹೋಗಲಿ ಅಂತ ಕಾದೆ. ಅವಳು ರೈಟರ ಕಡೆ ತಿರುಗಿ, "ಕೇಳಿದ್ರಾ? ಗಂಡನ ತಪ್ಪನ್ನೂ ಮೈಮೇಲೆ ಎಳ್ಕೊಳ್ತಾರೆ. ಯಾರಿಗೆ ಬರ್ತದೆ ಇಂಥ ಮನಸ್ಸು?" ಅಂದಳು. "ದೊಡ್ಡತನ ಅಂದ್ರೆ ಇದು," ಅಂತ ಅಂಗಡಿಯವರು ಕೈ ಮುಗಿದರು. ರೈಟರು ಕೂಡ, "ತಪ್ಪಾಯ್ತಮ್ಮ," ಅಂದುಬಿಟ್ಟರು.

"ಅಲ್ಲ ಕಣೆ, ನಿಜವಾಗಿ..." ಅಂದೆ. ಜೋಮು ಹಿಡಿದ ತುಟಿಯಿಂದ ರಕ್ತ ಇಳಿಯಿತು. "ಮಾತಾಡ್ಬೇಡಿ," ಅಂತ ತನ್ನ ಸೆರಗಿನಿಂದ ನನ್ನ ಗಲ್ಲ ಒರೆಸಿದಳು. ನನಗೆ ಅಳು ಬಂತು. ಹಲ್ಲುನೋವಿಗೆ ಅಂದುಕೊಂಡರು ಎಲ್ಲರೂ.

ಎಸ್ಟೇಟ್ ಗೇಟು ಬಂತು. ರೈಟರು ಮುಂದಿನ ಬಾಗಿಲಿನಿಂದ ಇಳಿದರು. ಅವಳು ಅಕ್ಕಿಚೀಲ ಎತ್ತಿಕೊಂಡು, ಬಗ್ಗಿ ನನ್ನ ಕಿವಿಯಲ್ಲಿ, "ಮುಂದಿನ ಸಲ ಎಲೆಕ್ಷನ್ನಿಗೆ ನೀವೇ ನಿಲ್ಲಿ ಅಮ್ಮಾ. ನೀವಿದ್ರೆ ನಂಗೊಂದು ಮನೆ ಆಗ್ತದೆ. ಅಲ್ಲಿವರೆಗೆ ಹೇಗಾದ್ರೂ ತಡ್ಕೊಳ್ತೇನೆ," ಅಂದಳು.

ಆಗಲಿ ಅಂತ ತಲೆಯಾಡಿಸಿದೆ.