ಮುನಿಯಮ್ಮ ತೋರಿಸಿದ ಹೊಳೆ

ತಿ. ನರಸೀಪುರದಿಂದ ಮದುವೆಯಾಗಿ ಜಯನಗರಕ್ಕೆ ಬಂದ ಮೂರನೇ ವಾರ, ಸೊಪ್ಪಿನವಳ ಮುಂದೆ ಅತ್ತುಬಿಟ್ಟೆ.

ಐವತ್ತರ ದಶಕದ ಕೊನೆ. ನಮ್ಮ ಬೀದಿಯಲ್ಲಿ ನಾಲ್ಕೇ ಮನೆ, ಉಳಿದದ್ದೆಲ್ಲ ಖಾಲಿ ಸೈಟು. ಯಜಮಾನರು ಆಫೀಸಿಗೆ ಹೋದರೆ ಸಂಜೆಯವರೆಗೆ ಮಾತಿಗೆ ಒಬ್ಬರೂ ಇಲ್ಲ.

ಕತ್ರಿಗುಪ್ಪೆಯಿಂದ ಬುಟ್ಟಿ ಹೊತ್ತು ಬರುತ್ತಿದ್ದ ಮುನಿಯಮ್ಮನಿಗೆ ನನ್ನ ತಾಯಿಯ ವಯಸ್ಸು. ಯಾಕಳುತ್ತೀರಿ ಎಂದಳು. ನಮ್ಮೂರಲ್ಲಿ ಬಾಗಿಲು ತೆಗೆದರೆ ಹೊಳೆ ಕಾಣುತ್ತದೆ, ಇಲ್ಲಿ ಏನೂ ಇಲ್ಲ ಎಂದೆ.

"ಹೊಳೆ ಇಲ್ಲ ಅಂದೋರ್ಯಾರು? ನಡೀರಮ್ಮ, ತೋರಿಸ್ತೀನಿ."

ಬಾಗಿಲಿಗೆ ಬೀಗ ಹಾಕಿ ಅವಳ ಹಿಂದೆ ನಡೆದೆ. ರಾಗಿ ಹೊಲಗಳಾಚೆ, ಅವಳ ಸೊಪ್ಪಿನ ಮಡಿಗಳ ಪಕ್ಕದಲ್ಲಿ ಒಂದು ಹಳ್ಳ. ಮೊಣಕಾಲುದ್ದ ನೀರು, ತಳದ ಮರಳು ಕಾಣುತ್ತಿತ್ತು.

ಇದು ಮುಂದೆ ವೃಷಭಾವತಿಗೆ ಸೇರುತ್ತದೆ, ವೃಷಭಾವತಿ ಹುಟ್ಟುವುದು ಬಸವನಗುಡಿಯ ಬಸವನ ಪಾದದಲ್ಲಿ ಎಂದಳು. ಕೆಂಗೇರಿ ದಾಟಿ ಅರ್ಕಾವತಿ, ಆಮೇಲೆ ಸಂಗಮದಲ್ಲಿ ಕಾವೇರಿ ಎಂದು ಸಂಜೆ ಯಜಮಾನರು ಹೇಳಿದರು. ನಮ್ಮೂರು ದಾಟಿ ಬಂದ ನೀರು ಅಲ್ಲಿ ಇದಕ್ಕೆ ಸಿಗುತ್ತದಲ್ಲ... ಅಷ್ಟಕ್ಕೇ ಸಮಾಧಾನವಾಯಿತು.

ಐದಾರು ವರ್ಷ ವಾರಕ್ಕೊಮ್ಮೆಯಾದರೂ ಅಲ್ಲಿಗೆ ಹೋಗುತ್ತಿದ್ದೆ. ಅವಳು ಸೊಪ್ಪು ತೊಳೆಯುವಳು, ನಾನು ನೀರಿಗೆ ಕಾಲು ಇಳಿಬಿಟ್ಟು ಮಾತಾಡುವೆ.

ಬರಬರುತ್ತಾ ಮೇಲ್ಗಡೆ ಮನೆಗಳೆದ್ದವು. ಮೋರಿಗಳನ್ನೆಲ್ಲ ತಂದು ಹಳ್ಳಕ್ಕೇ ಬಿಟ್ಟರು.

ಒಂದು ಬೆಳಿಗ್ಗೆ ದಂಟಿನ ಸೊಪ್ಪಿಗೆ ಕೈ ಹಾಕಿದರೆ ಮುನಿಯಮ್ಮ ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡಳು.

"ಬೇಡಮ್ಮ. ನೀರು ಕೆಟ್ಟೋಗೈತೆ. ನಿಮಗೆ ಹೆಂಗೆ ಕೊಡ್ಲಿ?"

"ಮತ್ತೆ ಬೇರೆಯವರಿಗೆ ಕೊಡ್ತೀಯಲ್ಲ?"

ಬಾಯಿ ತಪ್ಪಿ ಬಂದ ಮಾತು. ಅವಳ ಮುಖ ಇಳಿದುಹೋಯಿತು. ಸಿಂಬಿ ಸರಿಮಾಡಿಕೊಂಡು ಬುಟ್ಟಿ ಎತ್ತಿದಳು.

"ಸೊಪ್ಪು ಇಲ್ದಿದ್ರೂ ಸುಮ್ನೆ ಬಾ ಮುನಿಯಮ್ಮ" ಎಂದು ಗೇಟಿನಿಂದ ಕೂಗಿದೆ.

ಒಮ್ಮೆ ಬಂದಳು, ಬರಿಗೈಯಲ್ಲಿ. ಜಗಲಿಯ ತುದಿಯಲ್ಲಿ ಕೂತು ಕಾಫಿ ಕುಡಿದಳು, ಲೋಟ ತೊಳೆದಿಟ್ಟು ಹೋದಳು. ಮತ್ತೆ ಬರಲೇ ಇಲ್ಲ.

ಕೆಲವು ತಿಂಗಳು ಕಾದು ನಾನೇ ಹುಡುಕಿಕೊಂಡು ಹೋದೆ. ಸೊಪ್ಪಿನ ಮಡಿಯಲ್ಲಿ ಸೈಟಿನ ಕಲ್ಲು ನೆಟ್ಟಿದ್ದರು. ಹಳ್ಳದ ದಡದಲ್ಲಿ ಮೂಗಿಗೆ ಸೆರಗು ಹಿಡಿದು ನಿಂತೆ.

ಊರೊಳಗೆ ವಿಚಾರಿಸಿದರೆ, "ಯಾವ ಮುನಿಯಮ್ಮ? ನಾಲ್ಕು ಜನ ಅವ್ರೆ. ಯಾರ ಮನೆಯೋರು?" ಎಂದರು.

ನನಗೆ ಗೊತ್ತಿರಲಿಲ್ಲ. ಅವಳ ಗಂಡನ ಹೆಸರು, ಮಕ್ಕಳೆಷ್ಟು... ಅಷ್ಟು ವರ್ಷ ನಾನು ನನ್ನೂರಿನ ಮಾತನ್ನೇ ಆಡಿದ್ದೆ.

ಈಗ ಎಂಬತ್ತು ದಾಟಿದೆ, ಇದನ್ನು ಮೊಮ್ಮಗಳ ಕೈಲಿ ಟೈಪ್ ಮಾಡಿಸುತ್ತಿದ್ದೇನೆ.

ಕತ್ರಿಗುಪ್ಪೆಯ ಹಳ್ಳದ ಪಕ್ಕ ದಂಟು ಬೆಳೆಯುತ್ತಿದ್ದ ಮುನಿಯಮ್ಮನ ಮನೆಯವರು ನಿಮಗೆ ಯಾರಿಗಾದರೂ ಗೊತ್ತೇ?